ಎದ್ದು ನಿಲ್ಲುವವಳು

ಇಲ್ಲಿಂದಲೇ ಕೆಮ್ಮಿದರೆ ಹೇಗೆ? ಅಥವಾ ಇನ್ನೂ ಸ್ವಲ್ಪ ಮುಂದೆ ಹೋಗಿ, ಸಿದ್ದರಾಜುವಿನ ಮನೆಯ ಗೋಡೆ ಮುಗಿಯುವಲ್ಲಿ? ಇಲ್ಲಿಂದ ಕೆಮ್ಮಿದರೆ ಅವಳಿಗೆ ಕೇಳಿಸದೇ ಹೋಗಬಹುದು. ಕೇಳಿಸದಿದ್ದರೆ, ತಾನು ಬಾಗಿಲಲ್ಲಿ ಕಂಡ ಕೂಡಲೇ ದಡಬಡ ಏಳುತ್ತಾಳೆ. ಹತ್ತಿರ ಹೋಗಿ ಕೆಮ್ಮಿದರೂ ದಡಬಡ ಏಳುತ್ತಾಳೆ. ಕೆಮ್ಮದೇ ಹೋದರೆ? ಹೆಂಗಸರಿರುವ ಮನೆಯೊಳಗೆ ಕಳ್ಳನ ಹಾಗೆ ಸದ್ದಿಲ್ಲದೆ ಹೋಗುವುದು ಯಾರು ಮಾಡುವ ಕೆಲಸ?

ಕೆಂಪಣ್ಣ ಹಾಲಿನ ಖಾಲಿ ಕ್ಯಾನನ್ನು ಎಡಗೈಗೆ ಬದಲಾಯಿಸಿಕೊಂಡು ಬೀದಿಯಲ್ಲೇ ನಿಂತ. ಡೈರಿಗೆ ಹಾಲು ಹಾಕಿ ಬರುವ ಹೊತ್ತು. ಎಪ್ಪತ್ತು ದಾಟಿದ ಮೇಲೂ ಈ ಕೆಲಸವನ್ನು ಅವನು ಬಿಟ್ಟಿರಲಿಲ್ಲ. ಹೊಣಕೆರೆ ಕಡೆಯಿಂದ ಬಂದ ಬಸ್ಸು ಊರ ಮುಂದೆ ಜನರನ್ನು ಇಳಿಸಿ ಹೋಗಿತ್ತು. ಇಳಿದವರು ಅವನನ್ನು ಮಾತಾಡಿಸಿಕೊಂಡು ದಾಟಿಹೋದರು. ಒಬ್ಬೊಬ್ಬರಿಗೂ ಏನೋ ಒಂದು ಹೇಳಿ ಕಳಿಸಿ, ಕೊನೆಗೆ ಎಲ್ಲರೂ ಹೋದ ಮೇಲೆ, ಗೋಡೆಯ ಕಡೆ ಮುಖ ಮಾಡಿ ಜೋರಾಗಿ ಕೆಮ್ಮಿದ.

ಅವನ ಮನೆಯಲ್ಲಿ ಅವನು ಬಂದರೆ ಏಳುವವಳು ಈಗ ಒಬ್ಬಳೇ ಉಳಿದಿದ್ದಳು. ಅಣ್ಣಮ್ಮ, ತಮ್ಮ ಸೋಮಯ್ಯನ ಹೆಂಡತಿ. ಗಂಡನ ಅಣ್ಣನ ಮುಂದೆ ಹೆಂಗಸು ಕೂರಬಾರದು, ಅವನ ಜೊತೆ ನೇರ ಮಾತಾಡಬಾರದು, ಅವನು ಒಳಗೆ ಬಂದರೆ ಎದ್ದು ಸೆರಗು ಎಳೆದುಕೊಂಡು ಗೋಡೆಗೆ ಸರಿದು ನಿಲ್ಲಬೇಕು. ಅವಳು ಸೊಸೆಯಾಗಿ ಬಂದ ಕಾಲಕ್ಕೆ ಎಲ್ಲ ಮನೆಯಲ್ಲೂ ಅದೇ ನಡೆಯುತ್ತಿತ್ತು. ಆಮೇಲೆ ಒಂದೊಂದು ಮನೆಯಲ್ಲಿ ಒಂದೊಂದು ಥರ ಸಡಿಲವಾಯಿತು. ಇವಳಲ್ಲಿ ಆಗಲಿಲ್ಲ. ಕೆಂಪಣ್ಣನ ಹೆಂಡತಿ ದೊಡ್ಡತಾಯಮ್ಮ ಮಕ್ಕಳಿಲ್ಲದೆ ತೀರಿಕೊಂಡಳು, ಸೋಮಯ್ಯನೂ ಹೋದ, ಇವಳ ಮಗ ಕುಮಾರ್ ಮದುವೆಯಾಗಿ ನಾಗಮಂಗಲದಲ್ಲಿ ಗೊಬ್ಬರದಂಗಡಿ ಇಟ್ಟು ಊರಿನಿಂದಲೇ ಓಡಾಡತೊಡಗಿದ. ಅಷ್ಟೆಲ್ಲ ಆದರೂ ಬಾವ ಬಂದರೆ ಅಣ್ಣಮ್ಮ ಏಳುತ್ತಿದ್ದಳು. ಮಾತಾಡಬೇಕಾದರೆ ಕಂಬಕ್ಕೋ ಒಲೆಗೋ ಹೇಳುವಂತೆ ಹೇಳುತ್ತಿದ್ದಳು. "ಮುದ್ದೆ ಆರೋಯ್ತದೆ" ಎಂದು ಒಲೆಗೆ ಹೇಳಿದರೆ ಇವನು ಬಂದು ಕೂರಬೇಕು. "ಇವತ್ತು ಸಾರು ಖಾರ" ಎಂದು ಇವನು ತಟ್ಟೆಗೆ ಹೇಳಿದರೆ ಅವಳು ಮಜ್ಜಿಗೆ ಇಡಬೇಕು. ಹೀಗೆ ಒಂದು ಜೀವಮಾನ ನಡೆದಿತ್ತು, ಯಾರಿಗೂ ತೊಂದರೆಯಾಗಿರಲಿಲ್ಲ.

ಹೋದ ದೀಪಾವಳಿ ಮುಗಿದ ಮೇಲೆ ಅವಳು ಮೊದಲ ಸಲ ಬಿದ್ದಿದ್ದಳು. ಕಂಬದ ಹತ್ತಿರ ಮೊರದಲ್ಲಿ ಹುರುಳಿ ಕೇರುತ್ತಿದ್ದವಳು, ಕೆಂಪಣ್ಣ ಕೆಮ್ಮಿ ಒಳಗೆ ಕಾಲಿಟ್ಟ ಕೂಡಲೇ ಎದ್ದು, ಸೆರಗಿಗೆ ಕೈ ಹಾಕಿ, ಹಾಗೇ ಕಂಬಕ್ಕೆ ಹಣೆ ಬಡಿದುಕೊಂಡು ಜಾರಿದಳು. ಮತ್ತೆ ಸಂಕ್ರಾಂತಿಗೆ ಮುಂಚೆ ಹಿತ್ತಿಲ ಮೆಟ್ಟಿಲ ಮೇಲೆ. ಆಗ ಮುಂಗೈ ಊದಿಕೊಂಡಿತು. ಕಾವಿ ನೆಲ ಜಾರುತ್ತದೆ ಎಂದು ಕುಮಾರ್ ಹೇಳಿದ. ಕಣ್ಣಿಗೆ ಪೊರೆ ಬಂದಿರಬೇಕು ಎಂದು ಸೊಸೆ ಪ್ರಮೀಳಾ ಹೇಳಿದಳು. ಎರಡು ಸಲವೂ ತಾನು ಆಗ ತಾನೇ ಒಳಗೆ ಬಂದಿದ್ದೆ ಎಂಬುದನ್ನು ಕೆಂಪಣ್ಣ ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಮೂರನೇ ಸಲ ಬೀಳುವ ಮುಂಚೆ ತೋರಿಸೋಣ ಎಂದು ಕುಮಾರ್ ಕರೆಸಿದ್ದು ಸುರೇಂದ್ರನನ್ನು. ಅವನು ಅದೇ ಊರಿನ ಬಡಗಿ ಕಾಳಪ್ಪಾಚಾರಿಯ ಮಗ. ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ, ಪಾಂಡವಪುರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ಊರವರು ಅವನನ್ನು ಕಸರತ್ತು ಡಾಕ್ಟ್ರು ಎನ್ನುತ್ತಿದ್ದರು. ಭಾನುವಾರ ಟಿವಿಎಸ್‌ನಲ್ಲಿ ಬಂದವನು ಕುರ್ಚಿ ತರಿಸಿ ನಡುಮನೆಯಲ್ಲಿ ಹಾಕಿದ.

"ಅಮ್ಮೋರೆ, ಇದರ ಮೇಲೆ ಕೂತ್ಕಳಿ. ಎದ್ದು ಆ ಬಾಗ್ಲು ತಂಕ ನಡೀಬೇಕು. ತಿರಿಕ್ಕಂಡು ಬಂದು ಮತ್ತೆ ಕೂತ್ಕಬೇಕು. ಅಷ್ಟೇಯ."

"ಕುರ್ಚಿ ಮ್ಯಾಲಾ?" ಅಣ್ಣಮ್ಮ ದನಿ ಇಳಿಸಿದಳು. "ಬಾವ್ನೋರು ಜಗುಲಿ ಮ್ಯಾಲವ್ರೆ ಕಣಪ್ಪ."

"ಇದ್ರೆ ಇರ್ಲಿ ಬುಡಿ."

"ಅದೆಂಗಾದದು? ಅವ್ರು ಕೆಳಗೆ, ನಾನು ಕುರ್ಚಿ ಮ್ಯಾಲೆ."

ಜಗುಲಿಯ ಮೇಲಿದ್ದ ಕೆಂಪಣ್ಣನಿಗೆ ಅದು ಕೇಳಿಸಿತು. ಹುಲ್ಲು ಹಾಕಬೇಕು ಎಂದು ಯಾರಿಗೂ ಅಲ್ಲದಂತೆ ಹೇಳಿ ಎದ್ದು ಬಳಸಿಕೊಂಡು ಕೊಟ್ಟಿಗೆಗೆ ಹೋದ. ಕೊಟ್ಟಿಗೆಗೂ ನಡುಮನೆಗೂ ಮಧ್ಯೆ ಎದೆಮಟ್ಟದ ಗೋಡೆ. ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತರೆ ಒಳಗಿನವರಿಗೆ ಅವನು ಕಾಣುವುದಿಲ್ಲ, ಅವನಿಗೆ ಎಲ್ಲವೂ ಕೇಳುತ್ತದೆ.

"ನಡೀರಿ ಅತ್ತೆ, ನಡೀರಿ" ಎಂದು ಪ್ರಮೀಳಾ ನಗುತ್ತಿದ್ದಳು. "ಎಣ್ಣು ನೋಡಾಕೆ ಬಂದಂಗೈತೆ. ತಲೆ ಬಗ್ಗಿಸ್ಕಂಡು ನಡೀರಿ, ಗಂಡಿನ ಕಡೇರು ಒಪ್ಕಬೇಕಲ್ಲ."

"ಸುಮ್ಕಿರಮ್ಮಿ. ನಿನ್ ಮಗ್ಳೇ ಮದ್ವೆ ವಯಸ್ಸಿಗೆ ಬಂದವ್ಳೆ, ನನ್ನ ನಡುಸ್ತೀಯಲ್ಲ."

ಕೆಂಪಣ್ಣನಿಗೆ ನೆನಪಾಯಿತು. ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಗೆ, ತಮ್ಮನಿಗೆ ಹೆಣ್ಣು ನೋಡಲು ಹೋದವರಲ್ಲಿ ತಾನೇ ದೊಡ್ಡವನು. ತಂದೆ ಇರಲಿಲ್ಲ. ಹುಡುಗಿ ಹೀಗೇ ನಡೆದು ಬಂದು ತಟ್ಟೆ ಇಟ್ಟಿದ್ದಳು. "ನಿನ್ನೆಸ್ರೇನವ್ವ?" ಎಂದು ಇವನು ಕೇಳಿದ್ದ. ಅವಳು ಹೇಳಿದ್ದಳು. ಅವಳನ್ನು ನೇರವಾಗಿ ಕೇಳಿದ ಮಾತು ಅದೊಂದೇ. ಅವತ್ತು ಒಪ್ಪಿ ಎದ್ದ ಮೇಲೆ ಅವಳು ತಮ್ಮನ ಹೆಂಡತಿ.

ಒಳಗೆ ಸುರೇಂದ್ರ ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು ನಿಲ್ಲಿಸಿದ, ಕಣ್ಣು ಮುಚ್ಚಿಸಿದ, ಬಚ್ಚಲಿಗೆ ಹೋಗಿ ನೆಲ ಮುಟ್ಟಿ ನೋಡಿದ, ಹಿತ್ತಿಲ ಬಲ್ಬು ಹಾಕಿ ಆರಿಸಿದ. ಆಮೇಲೆ ಚಾಪೆಯ ಮೇಲೆ ಮಲಗಿಸಿ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದ. ತಟ್ಟನೆ ಎದ್ದು ನಿಲ್ಲಲು ಹೇಳಿ ಮತ್ತೆ ನೋಡಿದ. ಹಸು ಮೆಲುಕು ಹಾಕುವುದು ಮಾತ್ರ ಕೇಳುತ್ತಿತ್ತು.

"ಕಾಲು ಚೆನ್ನಾಗವೆ ಕುಮಾರಣ್ಣ. ನೆಲದ ತಪ್ಪೂ ಅಲ್ಲ. ಕೂತಿರೋರು ಗಬಕ್ಕನೆ ಎದ್ರೆ ಬಿಪಿ ಇಳಿದೋಯ್ತದೆ. ತಲೆಗೆ ರಕ್ತ ಸಾಲಲ್ಲ, ಕಣ್ಣು ಕತ್ಲೆ ಬತ್ತದೆ. ಬಿಪಿ ಮಾತ್ರೆ ಕೊಟ್ಟ ಡಾಕ್ಟ್ರನ್ನ ಒಂದ್ಸಲ ಕೇಳಿ, ಕಮ್ಮಿ ಮಾಡ್ಬೇಕಾಗಬೌದು. ಬಚ್ಚಲಿಗೆ ಒಂದು ಹಿಡಿ ಹಾಕ್ಸಿ, ನಮ್ಮಪ್ಪಯ್ಯ ಮಾಡ್ಕೊಡ್ತಾರೆ." ಆಮೇಲೆ ಅಣ್ಣಮ್ಮನ ಕಡೆ ತಿರುಗಿರಬೇಕು. "ಅಮ್ಮೋರೆ, ಎರಡ್ಸಲ ಬಿದ್ರಲ್ಲ, ಆಗ ಏನ್ ಮಾಡ್ತಿದ್ರಿ?"

"ಕೂತಿದ್ದೆ."

"ಆಮೇಲೆ?"

"ಎದ್ದೆ."

"ಯಾಕೆ ಎದ್ರಿ? ಒಲೆ ಮೇಲೆ ಏನಾರ ಉಕ್ತಿತ್ತಾ? ಯಾರಾರ ಕರುದ್ರಾ?"

ಗೋಡೆಯ ಈ ಕಡೆ ಕೆಂಪಣ್ಣ ಹಸುವಿನ ಕೊರಳ ಹಗ್ಗ ಹಿಡಿದು ಕೂತಿದ್ದ. ಅವಳು ಹೇಳಿಬಿಡುತ್ತಾಳೆ ಎಂದು ಅವನಿಗೆ ಭಯವಾಯಿತು. ಹೇಳಲಿ ಎಂದೂ ಅನ್ನಿಸಿತು.

"ಸುಮ್ಕೆ ಎದ್ದೆ ಕಣಪ್ಪ."

"ಇನ್ಮೇಲೆ ಸುಮ್ ಸುಮ್ಕೆ ಏಳ್ಬ್ಯಾಡಿ. ಏಳ್ಲೇಬೇಕು ಅಂದ್ರೆ ಮೊದ್ಲು ಕಾಲಾಡ್ಸಿ, ಏನಾರ ಹಿಡ್ಕಂಡು, ನಿದಾನಕ್ಕೆ. ಈ ವಯಸ್ಸಲ್ಲಿ ಸೊಂಟದ ಮೂಳೆ ಮುರುದ್ರೆ ಕಷ್ಟ. ಬಿದ್ದೋರು ಎಷ್ಟೋ ಜನ ಮತ್ತೆ ಮೇಲೇಳಲ್ಲ."

ಆವತ್ತಿನಿಂದ ಕೆಂಪಣ್ಣ ದೂರದಿಂದ ಕೆಮ್ಮಲು ಶುರುಮಾಡಿದ. ಮೊದಲು ಕೇಳಿಸಿದರೆ ನಿಧಾನಕ್ಕೆ ಏಳುತ್ತಾಳೆ ಎಂಬುದು ಅವನ ಲೆಕ್ಕ. ಅದನ್ನು ತಿಳಿಯದ ಊರು ಬೇರೆ ಲೆಕ್ಕ ಹಾಕಿತು.

"ಏನ್ಲಾ ಕೆಂಪಣ್ಣ, ಗೂರ್ಲು ಹತ್ತಿಸ್ಕಂಡಾ?" ಎಂದ ಸಿದ್ದರಾಜು, ತನ್ನ ಜಗುಲಿಯಿಂದ. "ನಮ್ಮ ಗೋಡೆ ಮುಂದೇ ಕೆಮ್ತೀಯಲ್ಲ. ಅಂಟೋ ರೋಗ ಏನಾರ ಇದ್ರೆ ನಿಮ್ಮ ಗೋಡೆ ಮುಂದೆ ಕೆಮ್ಮು."

"ದೂಳು ಕಣ್ಲಾ."

"ಕಾಲವಲ್ಲದ ಮಳೆ ಉಯ್ದು ಕೆಸ್ರಾಗದೆ, ದೂಳಂತೆ."

ಮನೆಯಲ್ಲೂ ಅದೇ ಆಯಿತು. ಬೀದಿಯಲ್ಲಿ ಕೆಮ್ಮು ಕೇಳಿದರೆ ಅಣ್ಣಮ್ಮ ಈಗ ಎದ್ದು ನಿಲ್ಲುವುದಷ್ಟೇ ಅಲ್ಲ, ಅಡಿಗೆಮನೆಗೆ ಓಡುತ್ತಿದ್ದಳು. ಅವನು ಬಾಗಿಲಿಗೆ ಬರುವಷ್ಟರಲ್ಲಿ ಶುಂಠಿ, ಮೆಣಸು ಕುದಿಸಿದ ಕಷಾಯದ ಲೋಟವನ್ನು ಜಗುಲಿಯ ತುದಿಗಿಟ್ಟು, ಗೋಡೆಗೆ ಆತು ಏದುಸಿರು ಬಿಡುತ್ತಾ ನಿಂತಿರುತ್ತಿದ್ದಳು. "ಬಿಸಿ ಐತೆ" ಎಂದು ಲೋಟಕ್ಕೆ ಹೇಳುತ್ತಿದ್ದಳು. ಅವನು ಕುಡಿಯುತ್ತಿದ್ದ. ಬೇಡ ಎನ್ನುವುದಾದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು.

ಕುಮಾರ್ ಒಂದು ಬೆಳಿಗ್ಗೆ ಅವನನ್ನು ಎಕ್ಸ್‌ರೇ ತೆಗೆಸಲು ನಾಗಮಂಗಲಕ್ಕೆ ಕರೆದೊಯ್ದ. ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು, ಎದೆ ಎತ್ತಿನ ಹಾಗಿದೆ, ಯಾಕೆ ಬಂದಿರಿ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಕುಮಾರ್ ಎಕ್ಸ್‌ರೇ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಇವನಿಗೆ ಹೇಳಿದರೆ ಸಾಕು ಎಂದು ಕೆಂಪಣ್ಣ ಯೋಚಿಸಿದ. ತಾನು ಅವಳಿಗೆ ಹೇಳಬೇಕಾಗಿಲ್ಲ, ಮಗನೇ ಹೇಳುತ್ತಾನೆ.

"ಕುಮಾರ."

"ಏನ್ ದೊಡ್ಡಪ್ಪ?"

"ನಿಮ್ಮವ್ವ..."

"ಅವ್ವಂಗೇನು?"

ನಿಮ್ಮವ್ವ ಬೀಳುವುದು ನನ್ನಿಂದ ಎನ್ನಬೇಕಾಗಿತ್ತು. ಕುಮಾರ್ ಒಳ್ಳೆಯವನು, ಆದರೆ ಬಾಯಿ ದೊಡ್ಡದು. ಮನೆಗೆ ಹೋದ ಕೂಡಲೇ, ಎಲ್ಲರೆದುರು, ಅವ್ವೋ ಇನ್ಮೇಲೆ ದೊಡ್ಡಪ್ಪಂಗೆ ಏಳ್ಬ್ಯಾಡ್ವಂತೆ ಎಂದು ನಗುತ್ತಾನೆ. ಅವಳು ಅದನ್ನು ಹೇಗೆ ತೆಗೆದುಕೊಳ್ಳುತ್ತಾಳೋ. ಇಷ್ಟು ವರ್ಷ ಕೊಟ್ಟ ಮರ್ಯಾದೆ ಬಾವನಿಗೆ ಬೇಡವಾಯಿತೇ ಎಂದುಕೊಂಡರೆ? ಅಥವಾ, ವಿಧವೆ ಕೂರುವುದು ಏಳುವುದನ್ನೆಲ್ಲ ಈ ಮುದುಕ ನೋಡುತ್ತಾನೆ ಎಂದುಕೊಂಡರೆ?

"ಮಾತ್ರೆ ತಕತಾಳಾ?"

"ತಕತಾಳೆ. ಡಾಕ್ಟ್ರು ಅರ್ಧ ಮಾಡವ್ರೆ. ಈಗ ವಾಸಿ."

ಬಸ್ಸು ನಿಂತಿತು. ಇಬ್ಬರೂ ಇಳಿದರು.

ಹೇಳದಿರಲು ಈ ಕಾರಣಗಳೆಲ್ಲ ನಿಜವೇ ಆದರೂ, ಕೊಟ್ಟಿಗೆಯಲ್ಲಿ ಒಬ್ಬನೇ ಹಾಲು ಕರೆಯುವಾಗ ಕೆಂಪಣ್ಣನಿಗೆ ಇನ್ನೊಂದು ವಿಷಯ ಗೊತ್ತಾಗುತ್ತಿತ್ತು. ಕುಮಾರ್ ಟಿವಿ ಮುಂದೆ ಕಾಲು ಚಾಚಿ ಕೂತಿರುತ್ತಾನೆ, ದೊಡ್ಡಪ್ಪ ಬಂದರೆ ಕಾಲು ಮಡಚುವುದಿಲ್ಲ. ಪ್ರಮೀಳಾ "ಬನ್ನಿ ಮಾವ" ಎನ್ನುತ್ತಾಳೆ, ಕೂತಲ್ಲಿಂದಲೇ. ತಪ್ಪೇನಿಲ್ಲ. ಕಾಲ ಹಾಗೆ. ಆದರೆ ಅವನು ಒಳಗೆ ಬಂದಾಗ ಆ ಮನೆಯಲ್ಲಿ ಏನಾದರೊಂದು ಬದಲಾಗುತ್ತಿದ್ದದ್ದು ಅಣ್ಣಮ್ಮ ಏಳುತ್ತಿದ್ದುದರಿಂದ. ಅವಳೂ ಕೂತೇ ಇದ್ದರೆ, ಬಂದವನು ಕೆಂಪಣ್ಣನೋ ಕೋಳಿಯೋ ಎಂದು ಯಾರಿಗೆ ತಿಳಿಯಬೇಕು? ಈ ಯೋಚನೆ ಬಂದಾಗ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು. ಹೇಸಿಗೆಯಾದ ಮೇಲೂ ಅದು ಹೋಗುತ್ತಿರಲಿಲ್ಲ.

ಒಮ್ಮೆ, ಅವಳು ಗೋಡೆಯ ಆಚೆ ಹೂ ಕಟ್ಟುತ್ತಾ ಕೂತಿದ್ದಾಳೆಂದು ಗೊತ್ತಿದ್ದು, ಹಸುವಿಗೆ ಹೇಳಿದ. "ಕೂತ್ಕಳೆ ತಾಯಿ. ನಾನ್ ಬಂದೇಟ್ಗೆ ಯಾಕೆ ಏಳ್ತೀಯ? ಕೂತಿರು."

ಗೋಡೆಯ ಮೇಲೆ ಪ್ರಮೀಳಾಳ ತಲೆ ಕಾಣಿಸಿತು. "ಯಾರ್ಗೇಳ್ತಿದ್ದೀರಿ ಮಾವ? ಅದು ಬೆಳಿಗ್ಗೆಯಿಂದ ನಿಂತೇ ಐತೆ."

ಆ ಕಡೆಯಿಂದ ಅಣ್ಣಮ್ಮನ ನಗು ಸಣ್ಣಗೆ ಕೇಳಿಸಿತು, ಸೆರಗಿನೊಳಗಿನಿಂದ. ಅವಳಿಗೆ ಅರ್ಥವಾಗಿತ್ತೋ ಇಲ್ಲವೋ. ಅವಳು ಸೀರೆ ಸರಬರ ಸದ್ದು ಮಾಡಿಕೊಂಡು ಎದ್ದದ್ದು ಮಾತ್ರ ಅವನಿಗೆ ತಿಳಿಯಿತು.

ಕೊನೆಗೆ ಅವನು ಕೆಮ್ಮುವುದನ್ನು ಬಿಟ್ಟ. ಅವಳಿಗೆ ತಾನು ಬಂದದ್ದೇ ಗೊತ್ತಾಗದಿದ್ದರೆ ಅವಳು ಏಳಬೇಕಾಗಿಲ್ಲ. ಡೈರಿಯಿಂದ ಬಂದವನು ಚಪ್ಪಲಿಯನ್ನು ಹೊರಗೇ ಬಿಟ್ಟು, ಹಿತ್ತಿಲ ಕಡೆಯಿಂದ ಕೊಟ್ಟಿಗೆಗೆ ಹೋಗಿ, ಕ್ಯಾನು ಸದ್ದಾಗದ ಹಾಗೆ ಇಟ್ಟು, ಅಲ್ಲೇ ಕಂಬಳಿ ಹಾಸಿ ಕೂರುತ್ತಿದ್ದ. ಊಟಕ್ಕೆ ಪ್ರಮೀಳಾ ಬಂದು ಕರೆದರೆ, ಅಷ್ಟರಲ್ಲಿ ಅಣ್ಣಮ್ಮ ಅಡಿಗೆಮನೆಯಲ್ಲಿ ನಿಂತೇ ಇರುತ್ತಿದ್ದಳು. ಬೇಸಿಗೆಯೆಲ್ಲ ಹಾಗೆ ಕಳೆಯಿತು. ಇಷ್ಟು ಸುಲಭವಿತ್ತಲ್ಲ ಎಂದುಕೊಂಡ.

ಆವತ್ತು ಸಂಜೆ ಮೋಡ ಹಾಕಿತ್ತು. ಅವನು ಬರಿಗಾಲಲ್ಲಿ ಹಿತ್ತಿಲ ಬಾಗಿಲು ದಾಟಿದ. ಅಣ್ಣಮ್ಮ ಯಾವತ್ತೂ ಕೂರದ ಕಡೆ, ಒಗೆಯುವ ಕಲ್ಲಿನ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಒಳಗೆ ಸೆಕೆಯೆಂದು ಬಂದಿರಬೇಕು. ತಲೆಯ ಮೇಲೆ ಸೆರಗಿರಲಿಲ್ಲ. ನರೆತ ಕೂದಲನ್ನು ಬಿಚ್ಚಿ ಬಾಚಿಕೊಳ್ಳುತ್ತಿದ್ದಳು. ಕೆಂಪಣ್ಣ ನಿಂತ. ಹಿಂದಕ್ಕೆ ಹೋಗಬೇಕು ಎಂದುಕೊಂಡ. ಅವನು ಹೆಜ್ಜೆ ತೆಗೆಯುವ ಮೊದಲೇ ಅವಳು ಯಾಕೋ ತಿರುಗಿ ನೋಡಿದಳು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಬಾವ.

ಅವಳು ಒಂದು ಕೈಯಲ್ಲಿ ಕೂದಲು, ಇನ್ನೊಂದರಲ್ಲಿ ಸೆರಗು ಹಿಡಿದು ಎದ್ದಳು. ಹಿಡಿದುಕೊಳ್ಳಲು ಮೂರನೇ ಕೈ ಇರಲಿಲ್ಲ. ಅವಳು ವಾಲುವುದನ್ನು ಕೆಂಪಣ್ಣ ನೋಡಿದ. ಅವನ ಕೈ ಮುಂದೆ ಹೋಯಿತು, ಮುಟ್ಟುವ ಮೊದಲೇ ನಿಂತಿತು. ಅಷ್ಟರಲ್ಲಿ ಅವಳು ಕಲ್ಲಿನ ಅಂಚಿಗೆ ಸೊಂಟ ಬಡಿದು ಬಿದ್ದಳು.

ಪ್ರಮೀಳಾ ಓಡಿ ಬಂದಾಗ ಅಣ್ಣಮ್ಮ ನೆಲದ ಮೇಲೆ ಮಲಗಿಯೇ ಸೆರಗನ್ನು ತಲೆಗೆ ಎಳೆದುಕೊಳ್ಳುತ್ತಿದ್ದಳು.

"ಏನಾಯ್ತತ್ತೆ? ಏನಾಯ್ತು ಮಾವ?"

"ನಂದೇ ತಪ್ಪು ಕಣವ್ವ" ಎಂದಳು ಅಣ್ಣಮ್ಮ. "ಬಾವ್ನೋರು ಬಂದಿದ್ದು ನಂಗೆ ಗೊತ್ತಾಗ್ಲಿಲ್ಲ."

ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿದೆ ಎಂದರು. ಆಪರೇಷನ್ ಮಾಡಿದರೆ ಹೃದಯ ತಡೆದುಕೊಳ್ಳುವುದಿಲ್ಲ ಎಂದರು. ಕಾಲಿಗೆ ತೂಕ ಕಟ್ಟಿ ಮಲಗಿಸಿಕೊಂಡು, ಆಮೇಲೆ ಮನೆಗೆ ಕಳಿಸಿದರು. ನಡುಮನೆಯಲ್ಲಿ ಮಂಚ ಹಾಕಿದರು. ಸುರೇಂದ್ರ ಭಾನುವಾರ ಬಂದು ಅವಳಿಗೆ ಉಸಿರು ಎಳೆದು ಬಿಡುವುದನ್ನು ಹೇಳಿಕೊಡುತ್ತಿದ್ದ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಾಯಿಸುವುದನ್ನು ಪ್ರಮೀಳಾಗೆ ತೋರಿಸುತ್ತಿದ್ದ.

ಅಂಥ ಒಂದು ಭಾನುವಾರ ಕೆಂಪಣ್ಣ ಬಾಗಿಲ ತನಕ ಬಂದ. ಒಳಗೆ ಬರಲಿಲ್ಲ. ಅವನ ನೆರಳು ನೆಲದ ಮೇಲೆ ಬಿದ್ದದ್ದೇ ತಡ, ಅಣ್ಣಮ್ಮ ಎರಡೂ ಮೊಣಕೈ ಊರಿ ಮೇಲೇಳಲು ನೋಡಿದಳು. ನೋವಿಗೆ ಅವಳ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಸುರೇಂದ್ರ ಅವಳ ಭುಜ ಹಿಡಿದು ಮಲಗಿಸಿದ. ಬಾಗಿಲ ಕಡೆ ನೋಡಿದ. ಮತ್ತೆ ಅವಳನ್ನು ನೋಡಿದ. ಆಮೇಲೆ ಕೆಲಸ ಮುಗಿಸಿ ಹೊರಗೆ ಬಂದ.

ಕೆಂಪಣ್ಣ ಬೀದಿಯ ಕಡೆ ಮುಖ ಮಾಡಿ ನಿಂತಿದ್ದ.

"ಗೌಡ್ರೆ, ಅವತ್ತು ನಾನು ಕೇಳುದ್ನಲ್ಲ, ಯಾಕೆ ಎದ್ರಿ ಅಂತ. ನಂಗೀಗ ಗೊತ್ತಾಯ್ತು."

ಕೆಂಪಣ್ಣ ತಿರುಗಲಿಲ್ಲ.

"ತಪ್ಪು ತಿಳ್ಕಬ್ಯಾಡಿ, ನಾನು ನಿಮ್ಮ ಮುಂದೆ ಚಿಕ್ಕೋನು. ಆದ್ರೆ ಅವ್ರು ನನ್ನ ಮಾತು ಕೇಳಲ್ಲ, ಮಗನ ಮಾತೂ ಕೇಳಲ್ಲ. ನೀವೇ ಒಂದ್ಸಲ ಬಾಯ್ಬುಟ್ಟು ಅಂದ್ಬುಟ್ರೆ ಕೇಳ್ತಾರೆ. ಒಂದ್ಮಾತು."

"ಊಂ" ಎಂದ ಕೆಂಪಣ್ಣ.

ಮಾರನೆಯ ದಿನ ಅವನು ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಬಾಗಿಲಿಗೆ ಬಂದ. ಹೇಳಬೇಕಾದದ್ದನ್ನು ಕೊಟ್ಟಿಗೆಯಲ್ಲಿ ಮೆಲ್ಲಗೆ ಹೇಳಿ ನೋಡಿಕೊಂಡಿದ್ದ. ಏನೂ ಕಷ್ಟದ ಮಾತಲ್ಲ. ಅಣ್ಣಮ್ಮ ಎಚ್ಚರವಾಗಿದ್ದಳು. ಅವನನ್ನು ಕಂಡು ಅವಳ ಕೈ ಸೆರಗಿಗೆ ಹೋಯಿತು, ಕತ್ತು ದಿಂಬಿನಿಂದ ಮೇಲೆದ್ದಿತು. ಬಿಳಿಚಿಕೊಂಡಿದ್ದ ಅವಳ ಮುಖ ಅವನ ಪಾದದ ಕಡೆಗೇ ತಿರುಗಿತ್ತು. ಕೆಂಪಣ್ಣ ಬಾಯಿ ತೆರೆದ.

"ಪ್ರಮೀಳಾ" ಎಂದ, ಅಡಿಗೆಮನೆಯ ಕಡೆ. "ನೀರ್ಗೀರು ಬೇಕೇನೋ ನೋಡವ್ವ."

ಅವನು ಹೊರಟುಹೋದ. ಆಮೇಲೆ ಅವನು ಆ ಬಾಗಿಲಿಗೆ ಬರಲಿಲ್ಲ. ಊಟವನ್ನೂ ಕೊಟ್ಟಿಗೆಗೇ ತರಿಸಿಕೊಂಡ. ತಾನು ಬಂದರೆ ತಾನೇ ಅವಳು ಏಳಲು ಹೋಗುವುದು.

ಮಳೆ ಹಿಡಿದ ಒಂದು ಮಧ್ಯಾಹ್ನ ಪ್ರಮೀಳಾ ತಟ್ಟೆ ತಂದಿಟ್ಟು ಹೋಗದೆ ನಿಂತಳು.

"ಮಾವ, ಅತ್ತೆ ಕೇಳ್ತಾವ್ರೆ. ಬಾವ್ನೋರು ಯಾಕೆ ಒಳೀಕೆ ಬರಾಕಿಲ್ಲ, ನಾನು ಎದ್ದೇಳಲ್ಲ ಅಂತ ಕೋಪವಾ ಅಂತ."

ಕೆಂಪಣ್ಣ ತಟ್ಟೆಯ ಮುಂದೆ ಕೂತೇ ಇದ್ದ. ಗೋಡೆಯ ಆಚೆ ಮಂಚ. ಇವಳು ಹೇಳುವುದು ಅವಳಿಗೂ ಕೇಳಿಸುತ್ತಿದೆ, ತಾನು ಹೇಳುವುದೂ ಕೇಳಿಸುತ್ತದೆ. ಅವಳ ಉಸಿರು ಈಗ ಜೋರಾಗಿತ್ತು, ಎದೆಯಲ್ಲಿ ಕಫ ಕಟ್ಟಿತ್ತು.

"ಇಲ್ಲ ಅನ್ನವ್ವ" ಎಂದ.

"ಅಷ್ಟೇನಾ?"

"ಕೋಪ ಇಲ್ಲ ಅನ್ನು."

ಪ್ರಮೀಳಾ ಒಳಗೆ ಹೋಗಿ ಅದನ್ನೇ ಹೇಳಿದಳು.

ಶ್ರಾವಣಕ್ಕೆ ಮುಂಚೆ ಅವಳು ತೀರಿಕೊಂಡಳು. ಬೂದಿಯನ್ನು ನೀರಿಗೆ ಬಿಡಲು ಗಂಜಾಂಗೆ ಹೋದಾಗ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಕಲ್ಲು ಪಾಚಿ ಕಟ್ಟಿದೆ, ಜಾರುತ್ತದೆ, ನೀವು ಮೇಲೆಯೇ ಇರಿ ದೊಡ್ಡಪ್ಪ ಎಂದು ಕುಮಾರ್ ಅವನನ್ನು ಮೆಟ್ಟಿಲಲ್ಲಿ ಕೂರಿಸಿ ಕೆಳಗಿಳಿದ. ಬಂದಿದ್ದ ನೆಂಟರು, ಪಾಪ, ಬಚ್ಚಲಿಗೆ ಹಿಡಿ ಹಾಕಿಸಿದ್ದರಂತೆ, ಮಾತ್ರೆ ಕಮ್ಮಿ ಮಾಡಿಸಿದ್ದರಂತೆ, ಆದರೂ ಬಿದ್ದರಂತೆ ಎಂದು ಮಾತಾಡಿಕೊಂಡರು. ಕೆಂಪಣ್ಣ ಅದನ್ನು ಕೇಳುತ್ತಾ ಕೂತಿದ್ದ.

ನೀನು ಕೂತೇ ಇರವ್ವ, ನನಗೋಸ್ಕರ ಏಳಬೇಡ ಎಂದು ಅವನು ಅಣ್ಣಮ್ಮನಿಗೆ ಒಂದು ಸಲವೂ ಹೇಳಲಿಲ್ಲ.